ಹಲ್ಲಿನ ಗುರುತಿದ್ದರೆ ಓದಿದಂತೆ

ಹಸುಗೂಸುಗಳು ಪುಸ್ತಕವನ್ನು ಮೊದಲು ಬಾಯಿಂದಲೇ ಓದುತ್ತವೆ ಎಂಬುದು ಶಿಶು ವಾಚನ ಇಲಾಖೆಗೆ ತಜ್ಞರ ವರದಿಯಿಂದ ತಿಳಿದುಬಂದಿತು. ವರದಿ ಬಲು ಉದ್ದವಿತ್ತು. ಇಲಾಖೆ ಓದಿದ್ದು ಆ ಒಂದೇ ವಾಕ್ಯ. ಕೂಡಲೇ ಸುತ್ತೋಲೆ ಹೊರಟಿತು: "ಹಲ್ಲಿನ ಗುರುತಿಲ್ಲದ ಪುಸ್ತಕವನ್ನು ಓದದ ಪುಸ್ತಕವೆಂದೇ ಪರಿಗಣಿಸತಕ್ಕದ್ದು. ಅಂಥ ಪುಸ್ತಕಗಳಿರುವ ಶಿಶುಕೇಂದ್ರವನ್ನು ಮುಚ್ಚತಕ್ಕದ್ದು. ಪುಸ್ತಕ ಹರಿದಲ್ಲಿ ಟೀಚರೇ ಹೊಣೆ."

ಮೂಲೆಮನೆ ಶಿಶುಕೇಂದ್ರದ ಟೀಚರಿಗೆ ಅತ್ತ ದರಿ, ಇತ್ತ ಪುಲಿ. ಪುಸ್ತಕ ಕೊಟ್ಟರೆ ಮಕ್ಕಳು ಹರಿಯುತ್ತವೆ, ಕೊಡದಿದ್ದರೆ ಕೇಂದ್ರವೇ ಉಳಿಯುವುದಿಲ್ಲ. ಪುಸ್ತಕಗಳೋ, ಬಂದ ದಿನದಿಂದ ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಹೊಸ ಮದುಮಕ್ಕಳ ಹಾಗೆ ಕೂತಿದ್ದವು. ಆ ಗಾಜಿಗೆ ದಿನವೂ ಮೂಗೊತ್ತಿ ನಿಲ್ಲುತ್ತಿದ್ದವಳು ಟೈಲರಮ್ಮನ ಮಗಳು, ಎಲ್ಲರೂ 'ಗುಂಡಿ' ಎಂದು ಕರೆಯುವ ಹುಡುಗಿ. ಮೂರು ತುಂಬುತ್ತ ಬಂದರೂ ಅವಳು ಒಂದು ಮಾತೂ ಆಡಿರಲಿಲ್ಲ. ಗಾಜಿನಾಚೆ ಅವಳು ದಿಟ್ಟಿಸುವ ಆನೆಯ ಪುಸ್ತಕ ಕೈಗೆ ಸಿಕ್ಕರೆ ಬಾಯಿಬಿಟ್ಟಾಳು ಎಂದು ಟೀಚರಿಗೆ ತುಂಬಾ ಆಸೆ. ಆದರೆ ಕೆಲಸ ಹೋಗುವ ಭಯ ಆಸೆಗಿಂತ ದೊಡ್ಡದಿತ್ತು.

ಇಲಾಖೆಯ ತಪಾಸಣೆ ಬರುವ ಮುನ್ನ ಟೀಚರ್ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಹೊತ್ತು ತಂದಳು.

"ಅತ್ತೆ, ಇದನ್ನ ಸ್ವಲ್ಪ ಕಚ್ಚಿಕೊಡ್ತೀರಾ?"

"ಹಲ್ಲಿದ್ದಾಗ ನನ್ನ ಕೈಗೆ ಯಾರೂ ಒಂದು ಪುಸ್ತಕ ಕೊಡ್ಲಿಲ್ಲ ಕಣೇ. ಈಗಿರೋದು ಕಟ್ಟಿಸ್ಕೊಂಡಿದ್ದು. ನಡೆಯುತ್ತಾ?"

"ಯಾರ ಹಲ್ಲು ಅಂತ ಸುತ್ತೋಲೇಲಿ ಬರೆದಿಲ್ಲ, ಅತ್ತೆ."

ಅತ್ತೆ ಸೊಸೆ ಇಬ್ಬರೂ ಟೀವಿ ನೋಡುತ್ತ ಕೇಂದ್ರದ ಸಮಸ್ತ ಸಾಹಿತ್ಯವನ್ನು ಓದಿ ಮುಗಿಸಿದರು.

ತಪಾಸಣೆಯ ದಿನ ಅಧಿಕಾರಿಗಳು ಭೂತಗನ್ನಡಿ ಹಿಡಿದು ಒಂದೊಂದೇ ಪುಸ್ತಕ ನೋಡಿದರು.

"ಎರಡು ವರ್ಷದ ಮಗೂಗೆ ಇಷ್ಟು ಅಗಲದ ದವಡೆನಾ?"

"ಇಲಾಖೆಯ ಪೌಷ್ಟಿಕ ಆಹಾರ, ಸಾರ್."

ಅಧಿಕಾರಿಗಳು ಸಂತೋಷದಿಂದ ತಲೆದೂಗಿದರು.

ಅಷ್ಟರಲ್ಲಿ ಗುಂಡಿ ಮೇಜಿನ ಮೇಲಿಂದ ಆನೆಯ ಪುಸ್ತಕವನ್ನು ಎಳೆದುಕೊಂಡು ನೆಲದ ಮೇಲೆ ಕೂತಳು. ಮೆಲ್ಲಗೆ ಹಾಳೆ ತಿರುವಿದಳು. ಬೆರಳಿಟ್ಟು, ಸ್ಪಷ್ಟವಾಗಿ, "ಆನೆ" ಎಂದಳು.

ಟೀಚರ ಕಣ್ಣು ತುಂಬಿ ಬಂತು. "ಮಾತಾಡಿದ್ಲು ಸಾರ್! ಮೊದಲನೇ ಮಾತು!"

"ಮಾತಾಡಿದ್ದು ಸರಿಯಮ್ಮ. ಕಚ್ಚಲಿಲ್ಲವಲ್ಲ?" ಅಧಿಕಾರಿಗಳ ದನಿಯಲ್ಲಿ ನಿಜವಾದ ಕನಿಕರವಿತ್ತು. 'ವಾಚನದಲ್ಲಿ ಹಿಂದುಳಿದ ಮಗು' ಎಂದು ಬರೆದು, ಪರಿಹಾರವನ್ನೂ ಅಪ್ಪಣೆ ಕೊಡಿಸಿದರು: "ಕಚ್ಚುವುದು ಬರುವ ತನಕ ಈ ಮಗುವಿಗೆ ದಿನವೂ ಪುಸ್ತಕ ಕೊಡತಕ್ಕದ್ದು. ಪಕ್ಕದಲ್ಲಿ ಕೂತು ಓದಿ ಹೇಳತಕ್ಕದ್ದು. ಹರಿದಲ್ಲಿ ಅದನ್ನು ಚಿಕಿತ್ಸೆಯ ಭಾಗವೆಂದು ತಿಳಿಯತಕ್ಕದ್ದು."

ಸಂಜೆ ಟೈಲರಮ್ಮ ಓಡೋಡಿ ಬಂದಳು. "ನಮ್ಮ ಹುಡುಗೀನ ಹಿಂದುಳಿದೋಳು ಅಂದ್ರಂತೆ?"

"ಹೌದಕ್ಕ. ಕಚ್ಚೋದು ಕಲಿಯೋವರೆಗೂ ದಿನಾ ಓದ್ಬೇಕಂತೆ."

ಟೈಲರಮ್ಮ ಗುಂಡಿಯನ್ನು ಎತ್ತಿಕೊಂಡಳು. ಆಮೇಲೆ ಮಗಳ ಕಿವಿಯಲ್ಲಿ, "ನೀನು ಮಾತ್ರ ಕಚ್ಚಬೇಡ, ಪುಟ್ಟಿ," ಅಂದಳು.

ಸುದ್ದಿ ಬೀದಿಗೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ತಮ್ಮ ಮಗುವೂ ಹಿಂದುಳಿದಿದೆ ಎಂದು ಬರೆಸಿಕೊಳ್ಳಲು ತಾಯಂದಿರು ಸಾಲುಗಟ್ಟಿದರು. ಈಗ ಮೂಲೆಮನೆ ಕೇಂದ್ರದಲ್ಲಿ ಮುಂದುವರಿದ ಮಗು ಒಂದೂ ಇಲ್ಲ. ಇದ್ದಬದ್ದ ಮಕ್ಕಳೆಲ್ಲ ಬೆಳಗಿನಿಂದ ಸಂಜೆಯ ತನಕ ಪುಸ್ತಕ ಹರವಿಕೊಂಡು, ಅದೇ ಕಥೆ ಇನ್ನೊಮ್ಮೆ ಹೇಳಿ ಎಂದು ಟೀಚರ ಪ್ರಾಣ ಹಿಂಡುತ್ತವೆ. ಪರಿಸ್ಥಿತಿ ಕೈಮೀರಿದ್ದನ್ನು ಕಂಡು ಇಲಾಖೆ ಇನ್ನೂ ಒಂದು ಬೀರು ಪುಸ್ತಕ ಕಳುಹಿಸಿದೆ.