ಭೂಗೋಳ ಮಾಸ್ತರನ ಬಿಸಿಲ ಗೆರೆ

ತಿಳಿದವರು ಬೇರೆ, ತಿಳಿಸುವವರು ಬೇರೆ ಎಂಬುದು ನನ್ನ ಅನುಭವ. ಈಜು ಬಾರದವನೂ ದಂಡೆಯ ಮೇಲೆ ನಿಂತು ಕೈಕಾಲು ಬಡಿಯುವುದನ್ನು ಕಲಿಸಬಹುದು. ನೀರಿಗೆ ಇಳಿಯುವ ಪ್ರಸಂಗ ಬರದಿದ್ದರೆ ಅವನ ಮರ್ಯಾದೆಗೆ ಧಕ್ಕೆಯಿಲ್ಲ. ನಾನು ನಿಜಾಮರ ಕಾಲದಲ್ಲಿ ಮಸ್ಕಿಯ ಸಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ‘ಜಮೀನ್ ಅಪ್ನೆ ಮೆಹ್ವರ್ ಪರ್ ಝುಕೀ ಹುಈ ಹೈ’, ಅಂದರೆ ಭೂಮಿ ತನ್ನ ಅಚ್ಚಿನ ಮೇಲೆ ಓರೆಯಾಗಿದೆ, ಎಂದು ನಾನು ಹೇಳುವುದು, ಮಕ್ಕಳು ಒಕ್ಕೊರಲಿನಿಂದ ಕೂಗುವುದು. ಓರೆಯಾಗಿದ್ದರೆ ಇರಲಿ ಪಾಪ, ಅದರಿಂದ ನಮ್ಮ ಮನೆಗೇನು ಬಂತು ಎಂದು ನಾನು ಯೋಚಿಸಿದವನೇ ಅಲ್ಲ.

ನನ್ನ ಚಿಂತೆ ಬೇರೆಯಿತ್ತು. ನೌಕರಿ ಇನ್ನೂ ಹಂಗಾಮಿ. ಲಿಂಗಸುಗೂರಿನಿಂದ ತಪಾಸಣೆಗೆ ಬರುವ ಸಾಹೇಬರು ಒಂದು ಮಾತು ಬರೆದರೆ ಕಾಯಂ. ಇನ್ನೊಂದು ಮಾತು ಬರೆದರೆ ನಾನು ಗುರುಗುಂಟಾಕ್ಕೆ ಮರಳಿ ಅಣ್ಣನ ಕುರಿಯ ಹಿಂದೆ ಅಲೆಯಬೇಕು. ಆದ್ದರಿಂದ ವೇಳೆ ತಪ್ಪಬಾರದೆಂದು ಹಟ ಹಿಡಿದಿದ್ದೆ. ಮನೆಯಲ್ಲಿ ಗಡಿಯಾರವಿರಲಿಲ್ಲ. ಆದರೆ ಬಾಡಿಗೆ ಮನೆಗೆ ಪೂರ್ವದ ಬಾಗಿಲಿತ್ತು. ಬೆಳಗಿನ ಬಿಸಿಲು ಪಡಸಾಲೆಯ ಉದ್ದಕ್ಕೂ ಬಿದ್ದು, ಹೊತ್ತು ಏರಿದಂತೆ ಹೊಸ್ತಿಲ ಕಡೆ ಹಿಂದೆ ಸರಿಯುತ್ತಿತ್ತು. ಚೈತ್ರದಲ್ಲಿ ಒಂದು ದಿನ ಪರಿಚಯದವರ ಜೇಬುಗಡಿಯಾರ ಕೇಳಿ ತಂದು, ಒಂಬತ್ತೂವರೆಗೆ ಬಿಸಿಲಿನ ಅಂಚು ಎಲ್ಲಿತ್ತೋ ಅಲ್ಲಿ ಸುಣ್ಣದಿಂದ ಗೆರೆ ಎಳೆದೆ. ಅಂಚು ಗೆರೆಗೆ ಬಂದರೆ ಟೋಪಿ ಹಾಕಿಕೊಂಡು ಹತ್ತು ಗಂಟೆಯ ಸಾಲೆಗೆ ಹೊರಡುವುದು. ಇಷ್ಟು ಸುಲಭದ ಉಪಾಯ ಊರಿನಲ್ಲಿ ಇನ್ನಾರಿಗೂ ಹೊಳೆದಿಲ್ಲವಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಮಳೆಗಾಲ ಮೋಡದಲ್ಲಿ, ಅಂದಾಜಿನ ಮೇಲೆ ಕಳೆಯಿತು. ಚಳಿ ಬಿದ್ದ ಮೇಲೆ ಮತ್ತೆ ಗೆರೆಯನ್ನೇ ನಂಬಿದೆ. ಪುಷ್ಯಮಾಸ ಬರುವ ಹೊತ್ತಿಗೆ ಹೆಡ್ ಮಾಸ್ತರ್ ಗುರುಬಸಯ್ಯನವರು ಒಂದು ದಿನ ಸಾಲೆಯ ಬಾಗಿಲಲ್ಲೇ ನಿಂತಿದ್ದರು. ಇನ್ನು ಕೆಲವೇ ತಿಂಗಳಲ್ಲಿ ಪಿಂಚಣಿ ಪಡೆಯಲಿದ್ದ ಸಾಧು ಮನುಷ್ಯ.

“ಮಾಸ್ತರ, ಅರ್ಧಾ ತಾಸು ತಡಾ ಆಗೇದ. ದಿನಾ ಹಿಂಗ ಆಗಾಕತ್ತೇತಲ್ರೀ?”

“ತಡಾ ನಾ ಮಾಡಿಲ್ರೀ. ನಿಮ್ಮ ಗಡಿಯಾರ ಮುಂದ ಓಡಾಕತ್ತೇತಿ. ಅದು ಮನಷ್ಯಾ ಮಾಡಿದ್ದು. ನಾ ಸೂರ್ಯನ್ನ ನೋಡಿ ಬರಾಂವ.”

“ಭೂಗೋಳದವರು ನೀವ. ನಿಮ್ಮ ಮುಂದ ನಾ ಏನ್ ಹೇಳ್ಲಿ?” ಎಂದು ಆ ಪುಣ್ಯಾತ್ಮ ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಹಿಂದೆ ತಿರುಗಿಸಿದರು. ಅಂದಿನಿಂದ ನಾನೂ ವೇಳೆಗೆ ಸರಿಯಾಗಿ ಬಂದೆ, ಇಡೀ ಸಾಲೆಯೂ ನನ್ನ ಜೊತೆ ತಡವಾಗಿ ಬಂತು.

ಸಾಹೇಬರು ಮುನ್ಸೂಚನೆಯಿಲ್ಲದೆ ಬಂದರು. ಅವರ ಜೇಬುಗಡಿಯಾರದಲ್ಲಿ ಹತ್ತು ಹೊಡೆದು ಅರ್ಧ ಗಂಟೆಯಾದ ಮೇಲೆ ನಮ್ಮಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿತು. ಅವರು ಗೋಡೆಯ ಗಡಿಯಾರ ನೋಡಿದರು, ಕೈಯೊಳಗಿನದನ್ನು ನೋಡಿದರು, ಇದೇನೆಂದು ಕೇಳಿದರು. ಗುರುಬಸಯ್ಯನವರು ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದರು. “ನಾನ ಹಿಂದ ಇಟ್ಟೀನ್ರೀ ಸಾಹೇಬ್ರ” ಎಂದರು. ಸಾಹೇಬರು ಪುಸ್ತಕ ತೆಗೆದು ಅವರ ಹೆಸರು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಸಾಹೇಬರ ಗಡಿಯಾರವೂ ಮುಂದೆ ಓಡುತ್ತಿರಬೇಕು ಎಂದು ಮನಸ್ಸಿನಲ್ಲಿ ಸಮಾಧಾನ ಹೇಳಿಕೊಂಡೆ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮೊದಲ ತಪಾಸಣೆ ನನ್ನ ತರಗತಿಯದೇ. ಕಿಟಕಿ ಮುಚ್ಚಿಸಿ, ನಡುವೆ ಸೂರ್ಯನೆಂದು ಕಂದೀಲು ಹಚ್ಚಿಟ್ಟೆ. ಉಳ್ಳಾಗಡ್ಡಿಗೆ ದಬ್ಬಣ ಚುಚ್ಚಿ, ಮಸ್ಕಿ ಎಂದು ಒಂದು ಜೋಳದ ಕಾಳು ಒತ್ತಿದ್ದೆ. ದಬ್ಬಣ ತಿರುವಿದೆ, ಕಾಳು ಬೆಳಕಿಗೆ ಬಂದರೆ ಹಗಲು, ಮರೆಯಾದರೆ ರಾತ್ರಿ. ಆಮೇಲೆ ದಬ್ಬಣದ ಓರೆ ಬದಲಾಗದಂತೆ ಹಿಡಿದು ಕಂದೀಲಿನ ಸುತ್ತ ನಡೆದೆ. ಈ ಬದಿಯಲ್ಲಿ ಬೆಳಕು ಕಾಳಿನ ನೆತ್ತಿಗೆ ಬೀಳುತ್ತಿತ್ತು: ಬೇಸಿಗೆ. ಆ ಬದಿಗೆ ಹೋದಾಗ ಅದೇ ಬೆಳಕು ಕೆಳಗಿನಿಂದ ಓರೆಯಾಗಿ ಬಂತು. ‘ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಆದ್ದರಿಂದ ಬಿಸಿಲು...’ ಎಂದವನು ಅಲ್ಲಿಗೇ ನಿಂತೆ. ಆದ್ದರಿಂದ ಬಿಸಿಲು ಮನೆಯ ಒಳಗೆ ಇನ್ನೂ ದೂರ ಬರುತ್ತದೆ. ಆದ್ದರಿಂದ ನನ್ನ ಗೆರೆಗೆ ತಡವಾಗಿ ಹಿಂದಿರುಗುತ್ತದೆ. ಉಳ್ಳಾಗಡ್ಡಿ ಹಿಡಿದುಕೊಂಡೇ ಸಾಹೇಬರತ್ತ ತಿರುಗಿದೆ.

ಮಕ್ಕಳ ಎದುರಿಗೇ ಹೇಳಿಬಿಟ್ಟೆ. ಗಡಿಯಾರ ಸರಿಯಾಗಿಯೇ ಇತ್ತು, ಹಿಂದೆ ಇಡಿಸಿದವನು ನಾನು, ಹೆಡ್ ಮಾಸ್ತರರದು ನನ್ನನ್ನು ನಂಬಿದ ತಪ್ಪು ಮಾತ್ರ ಎಂದೆ. ಕುರಿಗಳು ಕಣ್ಣ ಮುಂದೆ ಸಾಲಾಗಿ ಬಂದವು. ಸಾಹೇಬರು ನನ್ನ ಕೈಯಿಂದ ಉಳ್ಳಾಗಡ್ಡಿ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಗುರುಬಸಯ್ಯನವರ ಹೆಸರನ್ನು ಹೊಡೆದು ಹಾಕಿ, ಈ ಪಾಠ ಎಷ್ಟೋ ಸಾಲೆಗಳಲ್ಲಿ ಕೇಳಿದ್ದೇನೆ, ಹೇಳುತ್ತ ಹೇಳುತ್ತ ಅದನ್ನು ಕಲಿತ ಮಾಸ್ತರನನ್ನು ಇವತ್ತೇ ನೋಡಿದ್ದು ಎಂದರು. ನನ್ನನ್ನು ಕಾಯಂ ಮಾಡಲು ಬರೆದು ಹೋದರು.

ಸಂಜೆ ನನ್ನ ಹೆಂಡತಿ ಈರಮ್ಮನಿಗೆ ಈ ಮಹಾಶೋಧವನ್ನು ಸಾವಕಾಶವಾಗಿ ವಿವರಿಸಿದೆ. ಅವಳು ಹಪ್ಪಳ ಎತ್ತಿಡುತ್ತ ಕೇಳಿಸಿಕೊಂಡು ಹೇಳಿದಳು.

“ಚಳಿಗಾಲದಾಗ ಬಿಸಿಲು ಒಳಗ ಬಂದ್ರ ಎದ್ದು ಹೋಗಾಕ ತಡಾ ಮಾಡ್ತದ, ಬ್ಯಾಸಗ್ಯಾಗ ಬಂದಂಗ ಹೋಗ್ತದ. ಹಪ್ಪಳ ಒಣಗಸೋರಿಗೆಲ್ಲ ಇದು ಗೊತ್ತೈತಿ.”

“ಮತ್ತ ಇಷ್ಟ ದಿನ ನನಗ್ಯಾಕ ಹೇಳಲಿಲ್ಲ ನೀ?”

“ಅಯ್ಯ, ಸಾಲ್ಯಾಗ ನೀವ ಅದನ್ನ ಕಲಸ್ತೀರಲ್ರೀ. ನಿಮಗ ಗೊತ್ತಿರಬೇಕಂತ ತಿಳಕೊಂಡಿದ್ದೆ.”

ಮರುದಿನದಿಂದ ನಾನು ನೆಲ ನೋಡುವುದನ್ನು ಬಿಟ್ಟು, ಹೊತ್ತಾಯಿತೇ ಎಂದು ಅವಳನ್ನೇ ಕೇಳತೊಡಗಿದೆ. ಕಾಯಂ ನೌಕರಿಯ ಅಷ್ಟೂ ವರ್ಷಗಳಲ್ಲಿ ಒಂದು ದಿನವೂ ತಡವಾಗಲಿಲ್ಲ.