ಖಿನ್ನತೆಗೆ ಪರಿಹಾರ

2008ರ ಡಿಸೆಂಬರ್ 9, ಮಂಗಳವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಪತ್ರಿಕೆಯಲ್ಲಿತ್ತು. ಆರ್ಥಿಕ ಕುಸಿತಕ್ಕೆ ಸಿಕ್ಕಿದ ಸಣ್ಣ ಉದ್ಯಮಗಳಿಗೆ ತಲಾ ಐವತ್ತು ಸಾವಿರ ರೂಪಾಯಿ ಕೊಡುವ ಇಂಗ್ಲಿಷ್ ಸುತ್ತೋಲೆಯನ್ನು ಇಲಾಖೆಯ ಅನುವಾದಕನಾದ ನಾನು ಅಂದು ಕನ್ನಡಕ್ಕೆ ತಂದೆ. 'ಡಿಪ್ರೆಷನ್' ಇದ್ದಲ್ಲಿ 'ಕುಸಿತ' ಎಂದರೆ ಜನ ಮಳೆ ಪರಿಹಾರವೆಂದುಕೊಂಡಾರು ಎಂದು ದೂರಾಲೋಚನೆ ಮಾಡಿ, 'ಖಿನ್ನತೆ' ಎಂದು ಬರೆದೆ. ನಿಘಂಟು ನೋಡಿಯೇ ಬರೆದದ್ದು.

ಖಿನ್ನತೆ ಎಂದಮೇಲೆ ವೈದ್ಯರ ಸರ್ಟಿಫಿಕೇಟ್ ಕಡ್ಡಾಯವೆಂದು ಇಲಾಖೆ ಷರತ್ತು ಸೇರಿಸಿತು.

ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ನಂಜಪ್ಪನವರು ಕಂಪನಿಗಳಿಗೆ ಡೈರಿ, ಕ್ಯಾಲೆಂಡರ್ ಅಚ್ಚು ಹಾಕಿಕೊಡುತ್ತಿದ್ದರು. ಆ ವರ್ಷ ಒಂದೂ ಆರ್ಡರ್ ಇಲ್ಲ. ಸಂಕ್ರಾಂತಿಯೊಳಗೆ ಹಣ ಬಾರದಿದ್ದರೆ ಯಂತ್ರ ಮಾರಬೇಕು. ಅವರಿಗಿದ್ದ ತೊಡಕು ಒಂದೇ: ನಗುಮುಖ.

"ಡಾಕ್ಟರು ಒಪ್ಲಿಲ್ಲ ಸ್ವಾಮಿ," ಎಂದರು, ನಗುತ್ತಲೇ. "ನಿಮ್ಮಷ್ಟು ಗಟ್ಟಿಮುಟ್ಟಾಗಿರೋರ್ನ ನೋಡೇ ಇಲ್ಲ ಅಂದ್ಬಿಟ್ರು. ಫೀಸು ಮಾತ್ರ ತಗೊಂಡ್ರು."

ಮೇಲಧಿಕಾರಿ ನಾಗಭೂಷಣ್ ಅವರ ಮುಂದೆ ನಾನು ತಪ್ಪೊಪ್ಪಿಕೊಂಡೆ.

"ಸುತ್ತೋಲೆ ಹೊರಟ್ಹೋಗಿದೆಯಲ್ರೀ," ಎಂದರು ಅವರು. "ಈಗ ಪದ ತಿದ್ದಿದ್ರೆ ಸರ್ಕಾರ ತಪ್ಪು ಮಾಡ್ದಂಗಾಗತ್ತೆ. ವ್ಯಾಪಾರಿಗಳೇ ಸ್ವಲ್ಪ ತಿದ್ಕೊಳ್ಳಲಿ."

ಹೀಗಾಗಿ ನಂಜಪ್ಪನವರಿಗೆ ಖಿನ್ನತೆ ಕಲಿಸುವ ಹೊಣೆ ನನ್ನ ಮೇಲೆ ಬಿತ್ತು.

"ಹೆಂಗೆ ಮಾಡ್ಲಿ ಹೇಳಿ?"

"ಏನೂ ಮಾಡ್ಬೇಡಿ. ದಿನಾ ಸಂಜೆ ಬಂದು ನನ್ನ ಎದುರಿಗೆ ಕೂತ್ಕೊಳ್ಳಿ."

ಮೂರು ವಾರ ಸಾಕಾಯಿತು. ಡಾಕ್ಟರು ಈ ಸಲ ಕೇಳುವ ಮೊದಲೇ ಸಹಿ ಮಾಡಿದರು. ಖಿನ್ನತೆ ಆರೋಗ್ಯದ ವಿಷಯವಾದ್ದರಿಂದ ಅರ್ಜಿ ಹಣಕಾಸಿನವರಿಂದ ಆರೋಗ್ಯದವರಿಗೆ ವರ್ಗವಾಯಿತು. ಸಂಕ್ರಾಂತಿಯ ಹಿಂದಿನ ದಿನ ಪರಿಹಾರ ಮನೆಗೇ ಬಂತು: ಮೂವತ್ತು ಮಾತ್ರೆ, ಊಟದ ನಂತರ ಒಂದೊಂದು.

ಹಬ್ಬ ಕಳೆದು ಕಲಾಸಿಪಾಳ್ಯದ ಗುಜರಿಯವರು ಲಾರಿ ತಂದು ಯಂತ್ರ ಒಯ್ದರು. ನಂಜಪ್ಪನವರಿಗೆ ಈಗ ನನ್ನ ಪಾಠ ಬೇಕಿರಲಿಲ್ಲ. ಮಾತ್ರೆ ಮುಗಿದ ದಿನ ಇಲಾಖೆಯ ವರದಿಯಲ್ಲಿ ಅವರ ಹೆಸರಿನ ಮುಂದೆ 'ಚೇತರಿಕೆ' ಎಂದು ದಾಖಲಾಯಿತು. ಆ ವರದಿಯ ಅನುವಾದವೂ ನನ್ನದೇ.

"ಮಾತ್ರೆ ಚೆನ್ನಾಗಿತ್ತು ಸ್ವಾಮಿ, ಒಳ್ಳೇ ನಿದ್ದೆ," ಎಂದರು ನಂಜಪ್ಪನವರು. ಆಮೇಲೆ ಕೇಳಿದರು: "ಅಲ್ಲಾ, ಈ ಯೋಜನೇಲಿ ದುಡ್ಡು ಅಂತ ಯಾರಿಗೂ ಬರ್ಲೇ ಇಲ್ವಾ?"

"ಬಂತು. ನನಗೆ. ಅನುವಾದದ ಸಂಭಾವನೆ, ಪದಕ್ಕೆ ಐವತ್ತು ಪೈಸೆ."

"ಆ ಪದಕ್ಕೂ?"

"ಒಂಬತ್ತು ಸಲ ಬಂದಿತ್ತು. ನಾಲ್ಕೂವರೆ ರೂಪಾಯಿ."