ಬೋರ್ಡಿಂಗಿನಲ್ಲೊಂದು ಬಾಣಂತನ

ಶಿಸ್ತಿನವರ ಮನೆಯಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲವೆಂದು ಜನ ನಂಬಿದ್ದಾರೆ. ನಡೆಯುತ್ತದೆ; ಜೊತೆಗೆ ನಗುವವರು ಇರುವುದಿಲ್ಲ, ಅಷ್ಟೇ.

ನಾನು ಮಡಿಕೇರಿಯಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗಿನ ಮೇಟ್ರನ್. ಕಾನ್ವೆಂಟಿನಲ್ಲಿ ಕಲಿತವಳು, ಮದುವೆಯಾಗದವಳು. ರಜೆ ಬಂತೆಂದರೆ ಹುಡುಗಿಯರು ಬಾಳೆಲೆಗೋ ಶಿರಂಗಾಲಕ್ಕೋ, ತಂತಮ್ಮ ಊರಿಗೆ ಹೊರಟುಬಿಡುತ್ತಿದ್ದರು. ಅಷ್ಟು ದೊಡ್ಡ ಕಟ್ಟಡದಲ್ಲಿ ನಾನು ಮತ್ತು ಮಲಯಾಳಿ ಅಡುಗೆಯವಳು.

ವಿಲಾಯತಿಗೆ ಹೊರಟ ಎಸ್ಟೇಟಿನ ದೊರೆಸಾನಿಯೊಬ್ಬಳು ತನ್ನ ಗಾಜಿನ ತೊಟ್ಟಿಯನ್ನು ನನಗೆ ಕೊಟ್ಟುಹೋದಳು. ಅದರಲ್ಲಿ ಮಲಬಾರಿನ ಕಡೆಯ, ಕಿತ್ತಳೆ ಬಣ್ಣದ, ಬೆರಳುದ್ದದ ಎರಡು ಮೀನು. “ಗಂಡ ಹೆಂಡತಿ. ಮರಿಗಳನ್ನು ಎರಡೂ ಸೇರಿ ಸಾಕುತ್ತವೆ. ಹೆದರಿದರೆ ಮಾತ್ರ ತಾವೇ ತಿಂದುಬಿಡುತ್ತವೆ” ಎಂದಿದ್ದಳು. ರಜೆ ಮುಗಿಯುವುದರೊಳಗೆ ಮರಿ ಕಾಣಲೇಬೇಕೆಂದು ನನಗೆ ಹಟ ಹುಟ್ಟಿತು. ಕಟ್ಟಡದಲ್ಲಿ ಅಷ್ಟಾದರೂ ಓಡಾಟವಿರಲಿ ಎಂದು.

ನಡುವೆ ಸ್ಲೇಟು

ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಇದು ಸರಿಯಲ್ಲವೆಂದು ನಡುವೆ ಸ್ಲೇಟೊಂದನ್ನು ನಿಲ್ಲಿಸಿದೆ. ಮೊಟ್ಟೆಯ ಸುಳಿವೇ ಇಲ್ಲ. ಬೋರ್ಡಿಂಗಿನ ಡಾಕ್ಟರು ಬಂದಾಗ ತೋರಿಸಿದೆ.

“ಈ ಸ್ಲೇಟು ಎಂದಿನಿಂದ?”

“ಮೊದಲ ದಿನದಿಂದ. ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಮತ್ತೆ ಮೊಟ್ಟೆ ಅಂಚೆಯಲ್ಲಿ ಬರಬೇಕೇ, ಮೇಟ್ರನ್?”

ದೃಷ್ಟಿ

ಸ್ಲೇಟನ್ನು ತಳದಲ್ಲಿ ಮಲಗಿಸಿದೆ. ಅದರ ಮೇಲೇ ಮೊಟ್ಟೆ ಬಂತು. ಅಡುಗೆಯವಳು ಇಣುಕಿದಳು.

“ಅಮ್ಮಾ, ಇದು ನಮ್ಮೂರಿನ ಪಳ್ಳತ್ತಿ ಮೀನು! ಮೆಣಸು ಅರೆದು ಹಚ್ಚಿ ಹುರಿದರೆ...”

“ಮೊಟ್ಟೆ ಇಟ್ಟಿದೆ. ಕಣ್ಣಿಲ್ಲವೇ ನಿನಗೆ?”

ಅವಳು ಕೆನ್ನೆ ಬಡಿದುಕೊಂಡಳು. ಬಾಣಂತಿಯ ಮೇಲೆ ಬಾಯಿನೀರು ಸುರಿಸಿ ತಗುಲಿಸಿದ ದೃಷ್ಟಿ ಕಳೆಯಲೆಂದು, ನಾನು ಚರ್ಚಿಗೆ ಹೋದಾಗ ತೊಟ್ಟಿಗೆ ಉಪ್ಪು ಮೆಣಸಿನಕಾಯಿ ಇಳಿತೆಗೆದು, ಅಲ್ಲೇ ಕೆಂಡಕ್ಕೆ ಸುರಿದು, ಕೆಮ್ಮುತ್ತ ಕುಣಿದಾಡಿದಳಂತೆ. ಮೀನುಗಳು ಬೆದರಿ ಮೊಟ್ಟೆಯನ್ನೆಲ್ಲ ತಿಂದುಹಾಕಿದವು. ನಾನು ಬಂದು ನೋಡಿದರೆ ಸ್ಲೇಟು ಖಾಲಿ.

“ನೋಡಿದ್ರಾ ಅಮ್ಮಾ,” ಎಂದಳು, “ದೃಷ್ಟಿ ಎಷ್ಟು ಜೋರಿತ್ತು!”

ಗುಂಡು

ಮತ್ತೆ ಮೊಟ್ಟೆಯಾಯಿತು. ಈ ಸಲ ಕೋಣೆಗೆ ಬೀಗ ಹಾಕಿಟ್ಟೆ. ಒಂದು ಬೆಳಿಗ್ಗೆ ನೋಡಿದರೆ, ತಾಯಿಯ ಹೊಟ್ಟೆಯಡಿ ಸಾಸಿವೆಯಂಥ ಮರಿಗಳ ಮೋಡ! ಯಾರಿಗಾದರೂ ಹೇಳಬೇಕು. ಬೇಲಿಯಾಚೆ ಪಿಂಚಣಿಯ ಸುಬೇದಾರರು ಕೋವಿ ಒರೆಸುತ್ತಿದ್ದರು.

“ಸುಬೇದಾರರೇ, ನಮ್ಮ ಮೀನಿಗೆ ಮರಿಗಳಾಗಿವೆ.”

“ಗಂಡೂ ಇದೆಯೋ?”

“ಅಷ್ಟರಲ್ಲಿ ಇರದೆ ಏನು?”

“ಕೊಡಗಿನಲ್ಲಿ ಗಂಡು ಹುಟ್ಟಿದ ಮೇಲೆ ಸುಮ್ಮನಿರಲಿಕ್ಕುಂಟಾ, ಮೇಟ್ರನಮ್ಮ?” ಎಂದವರೇ ಆಕಾಶಕ್ಕೆ ಗುಂಡು ಹಾರಿಸಿಬಿಟ್ಟರು.

ನಾನು ಓಡಿದೆ. ಕೋಣೆಯ ಬೀಗ ತೆಗೆದೆ. ಒಳಗೆ ಗಂಡುಮೀನು ರೆಕ್ಕೆ ಅಗಲಿಸಿಕೊಂಡು ಮುಂದೆ ನಿಂತಿತ್ತು. ಅದರ ಹಿಂದೆ ತಾಯಿ, ಮರಿಗಳು, ಎಲ್ಲವೂ ಇದ್ದವು.

ತಿರುಗಿದರೆ ಬಾಗಿಲ ತುಂಬ ಜನ. ಕೊಡಗಿನಲ್ಲಿ ಒಂಟಿ ಗುಂಡೆಂದರೆ ಗಂಡುಮಗು ಹುಟ್ಟಿತೆಂದು ಅರ್ಥ; ಅದು ಬೋರ್ಡಿಂಗಿನ ಪಕ್ಕದಲ್ಲಿ ಕೇಳಿದೆ. ಹುಡುಗಿಯರು ಯಾರೂ ಇಲ್ಲವೆಂಬುದು ಊರಿಗೇ ಗೊತ್ತು. ಕಂಪೌಂಡರನ ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಸೊಂಟ ನೋಡಿದಳು. ಸೂಲಗಿತ್ತಿ ಎಲ್ಲರನ್ನೂ ತಳ್ಳಿಕೊಂಡು ಬಂದಳು.

“ನೀರು ಕಾಯಿಸಲಿಕ್ಕೆ ಇಡಿ! ತಾಯಿ ಎಲ್ಲಿ?”

ನಾನು ತೊಟ್ಟಿಯತ್ತ ಕೈ ತೋರಿಸಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

“ಹಾಗಾದರೆ ಬಿಸಿನೀರು ಬೇಡ” ಎಂದು ಚೀಲ ಎತ್ತಿಕೊಂಡಳು. ಉಳಿದವರೂ ನಗುತ್ತ ಬಾಗಿಲತ್ತ ತಿರುಗಿದರು.

“ಬೇಕು” ಎಂದೆ. “ಕಾಫಿಗೆ. ಯಾರೂ ಗೇಟು ದಾಟಕೂಡದು.”

ಹುಡುಗಿಯರಿಗೆ ಹೇಳುವ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ. ಸುಬೇದಾರರು ಕೂಡ ಕೋವಿಯನ್ನು ಗೋಡೆಗೊರಗಿಸಿ, ಸಾಲಿನಲ್ಲಿ ಕೈಕಟ್ಟಿ ಕೂತರು.